ಹೈಸ್ಕೂಲ್ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್, ಬಹುಮಾನ ಇಲ್ಲದೆ

ಪ್ರತಿಭಾ ಕಾರಂಜಿ ಬಂತೆಂದರೆ ಪ್ರತಿ ಶಾಲೆಯಲ್ಲೂ ಅದೇ ನಾಲ್ಕೈದು ಮಕ್ಕಳ ಹೆಸರು ಮುಂದೆ ಬರುತ್ತವೆ. ಭಾಷಣಕ್ಕೂ ಅವರೇ, ಹಾಡಿಗೂ ಅವರೇ. ಉಳಿದವರು ಕೂತು ಚಪ್ಪಾಳೆ ತಟ್ಟುತ್ತಾರೆ. ನನಗೆ ಚಿಂತೆ ಆ ಉಳಿದವರದ್ದು. ಮಾನಸಿಕ ತೊಂದರೆಗಳಲ್ಲಿ ಮೂರನೇ ಒಂದು ಭಾಗದಷ್ಟು 14 ವರ್ಷದ ಹೊತ್ತಿಗೇ ಶುರುವಾಗಿರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಮ್ಮ ಎಂಟನೇ, ಒಂಬತ್ತನೇ ಕ್ಲಾಸಿನ ವಯಸ್ಸು, ಅಲ್ವಾ? ಬಾಗಲಕೋಟೆ ಜಿಲ್ಲೆಯ ಯಾವ ಹಳ್ಳಿ ಹೈಸ್ಕೂಲಿನಲ್ಲಾದರೂ ಈ ಮಕ್ಕಳಿಗಾಗಿ ಹೆಚ್ಚು ಖರ್ಚಿಲ್ಲದೆ ವಾರಕ್ಕೊಂದು ಪೀರಿಯಡ್ ಹೇಗೆ ನಡೆಸಬಹುದು ಎಂದು ಶಿಕ್ಷಕರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಮಯ. ಶಾಲೆ ಬಿಟ್ಟ ಮೇಲೆ ಇಟ್ಟುಕೊಳ್ಳಬೇಡಿ. ಹೆಣ್ಣುಮಕ್ಕಳಿಗೆ ಬಸ್ಸು ತಪ್ಪುತ್ತದೆ, ಇನ್ನು ಕೆಲವರು ಮನೆಗೆ ಹೋಗಿ ದನ ನೋಡಬೇಕು, ರಬಕವಿ-ಬನಹಟ್ಟಿ ಕಡೆಯಾದರೆ ಮಗ್ಗದ ಕೆಲಸಕ್ಕೆ ಕೈ ಹಚ್ಚಬೇಕು, ಹೀಗಾಗಿ ಯಾರಿಗೆ ಇದು ಜಾಸ್ತಿ ಬೇಕೋ ಅವರೇ ಬರುವುದಿಲ್ಲ. ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ ತೆಗೆದುಕೊಳ್ಳಿ. ಟೈಮ್‌ಟೇಬಲ್‌ನಲ್ಲೇ ಬರೆಸಿ. ಬರೆಸದಿದ್ದರೆ ಜನವರಿ ಹೊತ್ತಿಗೆ ಅದು ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸ್ ಆಗಿಬಿಡುತ್ತದೆ.

ಏನು ಮಾಡಿಸಬೇಕು? ಫಸ್ಟ್, ಸೆಕೆಂಡ್ ಇಲ್ಲದ ಯಾವುದಾದರೂ ಸರಿ. ನನ್ನ ಮೊದಲ ಆಯ್ಕೆ ಲೇಜಿಮ್, ಅಂದರೆ ಝಣಝಣ ಸದ್ದು ಮಾಡುವ ಲೇಜಿಮ್ ಕೈಯಲ್ಲಿ ಹಿಡಿದು ಗುಂಪಾಗಿ ಕುಣಿಯುವುದು. ನಮ್ಮ ಕಡೆ ಪಿಟಿ ಸರ್‌ಗೆ ಅದು ಗೊತ್ತೇ ಇರುತ್ತದೆ, ಎಷ್ಟೋ ಶಾಲೆಗಳ ಕಪಾಟಿನಲ್ಲಿ ಲೇಜಿಮ್ ಇದ್ದೇ ಇರುತ್ತವೆ, ಆಗಸ್ಟ್ 15ಕ್ಕೆ ಮಾತ್ರ ಹೊರಗೆ ಬರುತ್ತವೆ. ಎಲ್ಲರೂ ಒಂದೇ ತಾಳಕ್ಕೆ ಕುಣಿಯುವಾಗ ಮಾತಾಡಲು ನಾಚುವ ಹುಡುಗನಿಗೂ ಗುಂಪಿನಲ್ಲಿ ಜಾಗ ಸಿಗುತ್ತದೆ. ಕುಣಿತ ಒಲ್ಲೆ ಎನ್ನುವವರಿಗೆ ಗೋಡೆ ಪತ್ರಿಕೆ, ಕೈತೋಟ. ಎಂಟು ಹತ್ತು ಮಕ್ಕಳ ಗುಂಪು ಮಾಡಿ, ಪ್ರತಿ ಮಗುವಿಗೂ ಹೆಸರಿಟ್ಟು ಒಂದು ಕೆಲಸ ಕೊಡಿ: ಗಿಡಕ್ಕೆ ನೀರು ಇವಳದ್ದು, ಲೇಜಿಮ್ ಎಣಿಸಿ ಇಡುವುದು ಇವನದ್ದು. ಆಗ ಒಂದು ಮಗು ಬರದಿದ್ದರೆ ಗುಂಪಿಗೇ ಗೊತ್ತಾಗುತ್ತದೆ, "ಅಕ್ಕೋರೆ, ಅಕಿ ಮೂರು ದಿನದಿಂದ ಬಂದಿಲ್ರಿ" ಎಂದು ಅವರೇ ಬಂದು ಹೇಳುತ್ತಾರೆ. ನನಗೆ ಇಡೀ ಪೀರಿಯಡ್‌ನ ದೊಡ್ಡ ಲಾಭ ಇದೇ.

ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಎಚ್ಚರ ಬೇಕು. ಅಪ್ಪ ಅವ್ವ ಕಬ್ಬು ಕಡಿಯಲು ಊರು ಬಿಟ್ಟು ಹೋದಾಗ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಂಥವರು ಯಾರು ಎಂದು ದೀಪಾವಳಿ ಹೊತ್ತಿಗೇ ತಿಳಿದಿಟ್ಟುಕೊಳ್ಳಿ.

ಏನನ್ನು ಗಮನಿಸಬೇಕು ಅಂದರೆ, ಬದಲಾವಣೆಯನ್ನು. ಮೊದಲಿನಿಂದಲೂ ಮೌನವಾಗಿರುವ ಮಗುವಿಗೆ ತೊಂದರೆ ಇರಲೇಬೇಕೆಂದಿಲ್ಲ. ಆದರೆ ಮಾತಾಡುತ್ತಿದ್ದವಳು ಎರಡು ವಾರದಿಂದ ಸುಮ್ಮನಿದ್ದಾಳೆ, ಬಿಸಿಯೂಟ ಬಿಡುತ್ತಿದ್ದಾಳೆ, ಪದೇ ಪದೇ ಹೊಟ್ಟೆನೋವು ಎನ್ನುತ್ತಾಳೆ, ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾಳೆ ಎಂದರೆ ಕರೆದು ಮಾತಾಡಿಸಿ. ಎಲ್ಲರೆದುರು ಬೇಡ, ಸ್ಟಾಫ್ ರೂಮಿನಲ್ಲೂ ಬೇಡ. ಗಿಡಗಳ ಹತ್ತಿರ, ಬೇರೆಯವರಿಗೆ ಕಾಣುವಂತೆ ಆದರೆ ಕೇಳಿಸದಂತೆ. "ಯಾಕವಾ, ಈಗೀಗ ಸಪ್ಪಗಿದ್ದಿ?" ಎಂದು ಕೇಳಿ ಸುಮ್ಮನಾಗಿ. "ಏನಿಲ್ರಿ" ಎಂದರೆ ಒತ್ತಾಯ ಬೇಡ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಬುದ್ಧಿ ಹೇಳಲು ಹೋಗಬೇಡಿ, ದಯವಿಟ್ಟು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ, ಯಾಕೆಂದರೆ ಕೆಲವು ವಿಷಯ ಹೇಳಲೇಬೇಕಾಗುತ್ತದೆ. ಲೈಂಗಿಕ ದೌರ್ಜನ್ಯದ ಮಾತು ಬಂದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮದುವೆ ಗೊತ್ತು ಮಾಡಿದ್ದಾರೆ ಎಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸಾಯುವ ಮಾತು ಬಂದರೆ ಹೆದರಿ ವಿಷಯ ತಿರುಗಿಸಬೇಡಿ. ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ, ಬದಲಿಗೆ ಹೇಳಿಕೊಳ್ಳಲು ದಾರಿ ಆಗುತ್ತದೆ. ಹೌದು ಎಂದರೆ ಒಂಟಿಯಾಗಿ ಮನೆಗೆ ಕಳಿಸಬೇಡಿ. ಮನೆಯವರನ್ನು ಕರೆಸಿ, ಅವರು ಬರುವವರೆಗೆ ಜೊತೆಗಿರಿ, ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಡಬ್ಬಿಯನ್ನು ಮನೆಯಿಂದ ಆಚೆ ಬೀಗ ಹಾಕಿ ಇಡಲು ಹೇಳಿ. ಮನೆಯಲ್ಲಿ ಹೊಡೆತ ಬಡಿತವೇ ಕಾರಣವಾಗಿದ್ದರೆ ಮಾತ್ರ ಮೊದಲು 1098. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ನೀವೇ ಫೋನ್ ಹಚ್ಚಿಕೊಡಿ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ತೊಂದರೆ ದೊಡ್ಡದಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಕೆಲವು ಮನೆಗಳಲ್ಲಿ ಮೊದಲು ದೇವರು ಕೇಳಿಸೋಣ ಎನ್ನುತ್ತಾರೆ. ಜಗಳಕ್ಕೆ ಹೋಗದೆ "ಅದನ್ನೂ ಮಾಡ್ರಿ, ಆದ್ರ ಇವತ್ತ ಡಾಕ್ಟರ್ ಕಡೆ ಹೋಗೂನು" ಎಂದು ಜೊತೆಗೇ ಹೊರಡುವುದು ಒಳ್ಳೆಯದು.

ಹತ್ತನೇ ಕ್ಲಾಸಿನವರಿಗೆ ಪರೀಕ್ಷೆಗೆ ಮುಂಚೆಯೇ ಒಂದು ಮಾತು ಹೇಳಿಡಿ: ಫೇಲಾದರೆ ಅದೇ ವರ್ಷ ಮತ್ತೆ ಬರೆಯಬಹುದು. ತಂದೆ ತಾಯಿ ಕೂತ ಸಭೆಯಲ್ಲೂ ಹೇಳಿ. ಫಲಿತಾಂಶ ಬರುವುದು ರಜೆಯಲ್ಲಿ, ಆಗ ಶನಿವಾರದ ಪೀರಿಯಡ್ ಇರುವುದಿಲ್ಲ. ಆದ್ದರಿಂದ ಯಾವ ಮಗುವಿಗೆ ಯಾವ ಟೀಚರ್ ಫೋನ್ ಮಾಡಬೇಕು ಎಂದು ಮಾರ್ಚ್‌ನಲ್ಲೇ ಹಂಚಿಕೊಳ್ಳಿ, ಫಲಿತಾಂಶದ ದಿನ ಫೇಲಾದವರಿಗೆ ಮೊದಲು ಫೋನ್ ಮಾಡಿ, ರ‍್ಯಾಂಕ್ ಬಂದವರಿಗೆ ಸಂಜೆ ಮಾಡಿದರೂ ನಡೆಯುತ್ತದೆ.