ಸಿಲಿಂಡರ್‌ನಿಂದ ಕಾಲಂವರೆಗೆ: ಹೀಲಿಯಂ ಶುದ್ಧೀಕರಣದಲ್ಲಿ ನನ್ನ ಅನುಭವ

ಒಣಮೆಣಸಿನಕಾಯಿ, ಏಲಕ್ಕಿ, ಕಾಳುಮೆಣಸುಗಳಲ್ಲಿ ಉಳಿದಿರುವ ಕೀಟನಾಶಕದ ಅಂಶವನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ–ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುವುದು ನನ್ನ ಕೆಲಸ. ಈ ಉಪಕರಣದಲ್ಲಿ ಮಾದರಿಯ ಆವಿಯನ್ನು ಹೊತ್ತೊಯ್ಯುವ ವಾಹಕ ಅನಿಲವಾಗಿ ಹೀಲಿಯಂ ಬಳಸುತ್ತೇವೆ. ನಮಗೆ ಬರುವ ಸಿಲಿಂಡರ್‌ನ ಪ್ರಮಾಣಪತ್ರದಲ್ಲಿ ಶೇ 99.999 ಎಂದಿರುತ್ತದೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಹೆಚ್ಚೆಂದರೆ 10 ಪಾಲು ಬೇರೆ ಅನಿಲಗಳಿರಬಹುದು. ಹಲವು ವರ್ಷ ಈ ಯಂತ್ರದ ಜೊತೆ ಕೆಲಸ ಮಾಡಿದ ಮೇಲೆ ನನಗೆ ದೃಢವಾಗಿರುವ ವಿಷಯವೆಂದರೆ, ಸಿಲಿಂಡರ್‌ನೊಳಗಿನ ಅನಿಲ ಸಾಮಾನ್ಯವಾಗಿ ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಅದು ಕೆಡುವುದು ಅಲ್ಲಿಂದ ಕಾಲಂ (ಮಾದರಿಯ ಘಟಕಗಳನ್ನು ಬೇರ್ಪಡಿಸುವ ಸಣ್ಣ ಕೊಳವೆ) ತಲುಪುವ ದಾರಿಯಲ್ಲಿ. ಆದ್ದರಿಂದ ಕಲ್ಮಶ ಹಿಡಿಯುವ ಟ್ರ್ಯಾಪ್‌ಗಳಿಗೆ ಕೊಡುವಷ್ಟೇ ಗಮನವನ್ನು ನಾನು ನಟ್ಟು, ಫೆರೂಲ್ (ಜೋಡಣೆ ಸೋರದಂತೆ ನಳಿಕೆಯನ್ನು ಬಿಗಿಹಿಡಿಯುವ ಉಂಗುರ), ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್‌ಗಳಿಗೂ ಕೊಡುತ್ತೇನೆ.

ಕಾಲಂನ ಒಳಗೋಡೆಯ ಪಾಲಿಸಿಲೋಕ್ಸೇನ್ ಲೇಪ ಬಿಸಿಯಾಗಿರುವಾಗ ಆಮ್ಲಜನಕ ತಗುಲಿದರೆ ಅದರ ಸರಪಳಿ ತುಂಡಾಗಿ ಉಂಗುರಾಕಾರದ ಚೂರುಗಳು ಹೊರಬರುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ದ್ರವ್ಯರಾಶಿ 207 ಮತ್ತು 281ರ ಅಯಾನುಗಳು (ವಿದ್ಯುದಾವೇಶ ಪಡೆದ ಚೂರುಗಳು) ಏರುತ್ತ ಹೋಗುವುದು ಇದರ ಗುರುತು. ಇಷ್ಟಾದರೆ ಕಾಲಂನ ಆಯುಷ್ಯ ಮಾತ್ರವಲ್ಲ, ಅತಿ ಕಡಿಮೆ ಪ್ರಮಾಣದ ಕೀಟನಾಶಕವನ್ನು ಹಿನ್ನೆಲೆಯಿಂದ ಬೇರ್ಪಡಿಸಿ ನೋಡುವ ಶಕ್ತಿಯೂ ಕುಗ್ಗುತ್ತದೆ.

ಟ್ರ್ಯಾಪ್‌ಗಳನ್ನು ನಾನು ಜೋಡಿಸುವ ಕ್ರಮ ಹೀಗಿದೆ: ಮೊದಲು ಮಾಲಿಕ್ಯುಲರ್ ಸೀವ್ ತುಂಬಿದ ತೇವಾಂಶದ ಟ್ರ್ಯಾಪ್, ಅನಂತರ ಸಕ್ರಿಯ ಇದ್ದಿಲಿನ ಹೈಡ್ರೋಕಾರ್ಬನ್ ಟ್ರ್ಯಾಪ್, ಆಮೇಲೆ ಆಮ್ಲಜನಕದ ಟ್ರ್ಯಾಪ್, ಕೊನೆಗೆ ಬಣ್ಣ ಬದಲಿಸಿ ಸೂಚನೆ ಕೊಡುವ ಗಾಜಿನ ಟ್ರ್ಯಾಪ್. ನೀರು ಮುಂದಿನ ಎರಡರ ಸಾಮರ್ಥ್ಯವನ್ನೂ ತಿನ್ನುವುದರಿಂದ ಅದನ್ನು ಮೊದಲೇ ತಡೆಯಬೇಕು. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿಯೇ ಕೂರಿಸುತ್ತೇನೆ. ಅಡ್ಡ ಮಲಗಿಸಿದರೆ ಒಳಗಿನ ಕಾಳುಗಳು ಕೆಳಕ್ಕೆ ಕುಸಿದು, ಮೇಲ್ಭಾಗದಲ್ಲಿ ಅನಿಲ ಏನನ್ನೂ ತಾಕದೆ ನುಸುಳಲು ಹಾದಿಯಾಗುತ್ತದೆ. ಗಾಜಿನ ಟ್ರ್ಯಾಪ್‌ನಲ್ಲಿ ಬಣ್ಣದ ಗೆರೆ ಅನಿಲ ಒಳಬರುವ ತುದಿಯಿಂದ ನಿಧಾನವಾಗಿ ಮುಂದೆ ಸರಿಯುತ್ತದೆ. ಆ ಗೆರೆ ಕಾಣಿಸಿಕೊಂಡಿತೆಂದರೆ ಅದರ ಹಿಂದಿನ ದೊಡ್ಡ ಟ್ರ್ಯಾಪ್ ಮುಗಿದಿದೆ ಎಂದೇ ತಿಳಿದು, ಎರಡನ್ನೂ ಬದಲಿಸುತ್ತೇನೆ.

ನಳಿಕೆ ತಾಮ್ರದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಬೇಕು. ಒಳಗೆ ನಾಲ್ಕೈದು ಬಾರ್ ಒತ್ತಡವಿರುವಾಗ ಹೊರಗಿನ ಗಾಳಿ ಹೇಗೆ ಒಳಬಂದೀತು ಎಂದು ಹೊಸಬರು ಕೇಳುತ್ತಾರೆ. ಆಮ್ಲಜನಕಕ್ಕೆ ಹೀಲಿಯಂನ ಒತ್ತಡ ಲೆಕ್ಕಕ್ಕೇ ಇಲ್ಲ. ಹೊರಗೆ ಅದರ ಆಂಶಿಕ ಒತ್ತಡ (ಗಾಳಿಯಲ್ಲಿ ಆಮ್ಲಜನಕವೊಂದರದೇ ಒತ್ತಡ) ಸುಮಾರು 0.2 ಬಾರ್, ಒಳಗೆ ಹೆಚ್ಚುಕಡಿಮೆ ಸೊನ್ನೆ; ಪ್ಲಾಸ್ಟಿಕ್ ನಳಿಕೆಯಾದರೆ ಅದರ ಗೋಡೆಯ ಮೂಲಕವೇ ಅದು ಒಳಗೆ ಇಳಿಯುತ್ತದೆ. ರೆಗ್ಯುಲೇಟರ್‌ನ ಡಯಾಫ್ರಮ್ ರಬ್ಬರಿನದಾಗಿರದೆ ಸ್ಟೀಲಿನದಾಗಿರಬೇಕು ಎಂದು ನಾನು ಹಟ ಹಿಡಿಯುವುದೂ ಇದೇ ಕಾರಣಕ್ಕೆ. ಎಂಟನೇ ಒಂದು ಇಂಚಿನ ಹೊಸ ಫಿಟ್ಟಿಂಗ್‌ಗಳನ್ನು ಕೈಯಿಂದ ಬಿಗಿಮಾಡಿದ ಮೇಲೆ ಸ್ಪ್ಯಾನರ್‌ನಲ್ಲಿ ಮುಕ್ಕಾಲು ಸುತ್ತು ಮಾತ್ರ ತಿರುಗಿಸುತ್ತೇನೆ. ಇಂಥ ಫೆರೂಲ್ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತಲೇಬಾರದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಸಿಲಿಂಡರ್ ಬದಲಿಸುವ ಕೆಲಸ. ಇದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿದವರು ಅದನ್ನು ಮರೆಯಲಾರರು. ಸ್ಪ್ಲಿಟ್ (ಕಾಲಂಗೆ ಹೋಗದೆ ಹೊರಬಿಡುವ ಪಾಲು) ಸೇರಿ ನಿಮಿಷಕ್ಕೆ 60 ಮಿಲಿಲೀಟರ್ ಹೀಲಿಯಂ ಹರಿಯುತ್ತದೆ, ಅದರಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಆಮ್ಲಜನಕವಿದೆ ಎಂದುಕೊಳ್ಳಿ. ದಿನಕ್ಕೆ 86.4 ಲೀಟರ್ ಅನಿಲದಲ್ಲಿ ಟ್ರ್ಯಾಪ್‌ಗೆ ತಲುಪುವ ಆಮ್ಲಜನಕ 0.09 ಮಿಲಿಲೀಟರ್‌ಗಿಂತಲೂ ಕಡಿಮೆ. ಆದರೆ ಸಿಲಿಂಡರ್ ಬಿಚ್ಚಿದಾಗ ರೆಗ್ಯುಲೇಟರ್ ಮತ್ತು ಜೋಡುನಳಿಕೆಯೊಳಗೆ 20 ಮಿಲಿಲೀಟರ್ ಗಾಳಿ ಸೇರಿಕೊಂಡರೆ, ಅದರಲ್ಲಿ ನಾಲ್ಕು ಮಿಲಿಲೀಟರ್‌ಗೂ ಮಿಕ್ಕಿ ಆಮ್ಲಜನಕವಿರುತ್ತದೆ. ಅದನ್ನು ಹೊರಹಾಕದೆ ವಾಲ್ವ್ ತೆರೆದವರು ಒಂದೂವರೆ ತಿಂಗಳು ಬಾಳಬೇಕಾದ ಟ್ರ್ಯಾಪ್‌ನ ಸಾಮರ್ಥ್ಯವನ್ನು ಕೆಲವೇ ನಿಮಿಷಗಳಲ್ಲಿ ಖರ್ಚು ಮಾಡಿರುತ್ತಾರೆ.

ಹೀಗಾಗಿ ಟ್ರ್ಯಾಪ್‌ಗಳ ಮುಂಚೆ ಒಂದು ಮುಚ್ಚುವ ವಾಲ್ವ್ ಮತ್ತು ಹೊರಬಿಡುವ ವಾಲ್ವ್ ಇರಿಸಿಕೊಂಡಿದ್ದೇನೆ. ಟ್ರ್ಯಾಪ್‌ನ ಕಡೆಗಿರುವ ಮುಚ್ಚುವ ವಾಲ್ವನ್ನು ಮುಚ್ಚಿ, ಸಿಲಿಂಡರ್ ವಾಲ್ವನ್ನು ಕ್ಷಣಮಾತ್ರ ತೆರೆದು ಒತ್ತಡ ತುಂಬಿಸಿ, ಮತ್ತೆ ಮುಚ್ಚಿ, ಒಳಗಿನ ಅನಿಲವನ್ನು ಹೊರಗೆ ಬಿಡುತ್ತೇನೆ. ಒತ್ತಡ ಪೂರ್ತಿ ಸೊನ್ನೆಗಿಳಿಯುವ ಮುನ್ನವೇ ನಿಲ್ಲಿಸಿ ಮತ್ತೆ ತುಂಬುತ್ತೇನೆ. ಪ್ರತಿ ಸಲ ಹತ್ತು ಪಟ್ಟು ತೆಳುವಾದರೂ ಮೂರು ಸಲಕ್ಕೆ ಗಾಳಿ ಸಾವಿರದಲ್ಲಿ ಒಂದು ಪಾಲಿಗಿಳಿಯುತ್ತದೆ. ಸುಮ್ಮನೆ ಹತ್ತು ನಿಮಿಷ ಅನಿಲ ಹರಿಸಿಬಿಟ್ಟರೆ ಸಾಲದೇ ಎಂದರೆ, ಸಾಲದು. ಒತ್ತಡಮಾಪಕದೊಳಗಿನ ಬಾಗಿದ ಕೊಳವೆ ಒಂದು ತುದಿ ಮುಚ್ಚಿದ ಕುರುಡು ಓಣಿ. ಪಕ್ಕದಲ್ಲಿ ಹರಿಯುವ ಅನಿಲ ಅಲ್ಲಿಯ ಗಾಳಿಯನ್ನು ಎಳೆದುತರುವುದಿಲ್ಲ, ತುಂಬಿಸಿ ಬಿಡುವುದರಿಂದ ಮಾತ್ರ ಅದು ಹೊರಬರುತ್ತದೆ.

ಫಲವನ್ನು ಉಪಕರಣವೇ ಹೇಳುತ್ತದೆ. ಉಪಕರಣ ತನ್ನನ್ನೇ ಪರೀಕ್ಷಿಸಿಕೊಂಡು ಕೊಡುವ ಟ್ಯೂನ್ ವರದಿಯಲ್ಲಿ 18 (ನೀರು), 28 (ಸಾರಜನಕ), 32 (ಆಮ್ಲಜನಕ), 44 (ಇಂಗಾಲದ ಡೈಆಕ್ಸೈಡ್) ಅಯಾನುಗಳನ್ನು ಪರೀಕ್ಷಾ ವಸ್ತುವಿನ 69ರ ಜೊತೆ ಹೋಲಿಸುತ್ತೇನೆ. 28ರದ್ದು 69ರ ಶೇ 10ರೊಳಗಿದ್ದರೆ ನೆಮ್ಮದಿ. 28 ಮತ್ತು 32 ಸುಮಾರು ನಾಲ್ಕಕ್ಕೆ ಒಂದರಂತೆ ಏರಿದ್ದರೆ ಅದು ಗಾಳಿ. ಆಗ ಕಾಲಂನ ಹರಿವನ್ನು ಹೆಚ್ಚಿಸಿ ನೋಡುತ್ತೇನೆ. ಜೊತೆಗೆ 28 ಕೂಡ ಏರಿದರೆ ದೋಷ ಅನಿಲದಲ್ಲೋ ಹಿಂದಿನ ದಾರಿಯಲ್ಲೋ ಇರುವ ಸಂಭವ ಹೆಚ್ಚು. ಅಲುಗದೆ ನಿಂತರೆ ಮೊದಲು ಟ್ರಾನ್ಸ್‌ಫರ್ ಲೈನ್‌ನ (ಕಾಲಂ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಸೇರುವ ಭಾಗ) ನಟ್ಟನ್ನು ಪರೀಕ್ಷಿಸುತ್ತೇನೆ, ಏಕೆಂದರೆ ಅಲ್ಲಿಯ ಫೆರೂಲ್ ಕಾದು ಆರಿ ಕುಗ್ಗುವುದು ಸಾಮಾನ್ಯ. ಸೋರಿಕೆ ಹುಡುಕಲು ಸಾಬೂನು ನೀರನ್ನು ಮಾತ್ರ ಎಂದಿಗೂ ಹಚ್ಚುವುದಿಲ್ಲ. ಹೈಡ್ರೋಕಾರ್ಬನ್ ಕಲ್ಮಶಕ್ಕೆ ಬೇರೆ ಪರೀಕ್ಷೆಯಿದೆ: ಏನನ್ನೂ ಚುಚ್ಚದೆ ಒಂದು ಬ್ಲ್ಯಾಂಕ್ ಓಡಿಸಿ, ಇಡೀ ರಾತ್ರಿ ಕಾಲಂ ತಣ್ಣಗಿದ್ದ ಮೇಲೆ ಇನ್ನೊಂದನ್ನು ಓಡಿಸುತ್ತೇನೆ. ಎರಡನೆಯದರಲ್ಲಿ ಶಿಖರಗಳು ದೊಡ್ಡದಾಗಿದ್ದರೆ ಅನಿಲದ ಜೊತೆ ಬಂದ ಏನೋ ಒಂದು ಕಾಲಂನ ಮೊದಲ ಭಾಗದಲ್ಲಿ ರಾತ್ರಿಯಿಡೀ ಕೂಡಿಕೊಂಡಿದೆ.

ಮೇಲಿನ ಯಾವ ಟ್ರ್ಯಾಪ್ ಕೂಡ ಸಾರಜನಕವನ್ನು ಸರಿಯಾಗಿ ಹಿಡಿಯುವುದಿಲ್ಲ. ದ್ರವ್ಯರಾಶಿ 50ರಿಂದ ಮೇಲಕ್ಕೆ ಸ್ಕ್ಯಾನ್ ಮಾಡುವ ನಮ್ಮ ಕೆಲಸಕ್ಕೆ ಅದು ಅಡ್ಡಿಯಲ್ಲ. ಸಾರಜನಕದ ಐಸೊಟೋಪ್ ಅನುಪಾತ ಅಳೆಯುವವರಿಗಾದರೆ ಬಿಸಿಮಾಡಿದ ಜಿರ್ಕೋನಿಯಂ ಮಿಶ್ರಲೋಹದ ಗೆಟ್ಟರ್ (ಅನಿಲಗಳೊಡನೆ ರಾಸಾಯನಿಕವಾಗಿ ಕೂಡಿ ಅವನ್ನು ಹಿಡಿಯುವ ಸಾಧನ) ಬೇಕು, ಇಲ್ಲವೇ ದ್ರವಸಾರಜನಕದಲ್ಲಿ ಮುಳುಗಿಸಿದ ಇದ್ದಿಲಿನ ಟ್ರ್ಯಾಪ್ ಬೇಕು. −196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಿಲು ಉಳಿದ ಅನಿಲಗಳಲ್ಲಿ ಬಹುತೇಕವನ್ನು ಹಿಡಿದಿಟ್ಟುಕೊಂಡರೂ ಹೀಲಿಯಂ ಮುಂದೆ ಸಾಗುತ್ತದೆ. ಗೆಟ್ಟರ್ ಆರ್ಗಾನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಸಿಲಿಂಡರನ್ನು ನಾನು ಪೂರ್ತಿ ಖಾಲಿ ಮಾಡುವುದಿಲ್ಲ. ಒತ್ತಡ ಇಳಿದಂತೆಲ್ಲ ಒಳಗೋಡೆಗೆ ಅಂಟಿದ್ದ ನೀರು ಬಿಟ್ಟುಕೊಂಡು ಅನಿಲದಲ್ಲಿ ಅದರ ಪಾಲು ಏರುತ್ತದೆ. ಆದ್ದರಿಂದ 15 ಬಾರ್ ಸುಮಾರಿಗೆ ಬಂದಾಗ ಬದಲಿಸುತ್ತೇನೆ. ನಮ್ಮ ದೇಶಕ್ಕೆ ಹೀಲಿಯಂ ಬಹುಮಟ್ಟಿಗೆ ಹೊರಗಿನಿಂದಲೇ ಬರುವುದರಿಂದ ಉಳಿದದ್ದನ್ನು ವ್ಯರ್ಥ ಮಾಡಲು ಮನಸ್ಸಾಗುವುದಿಲ್ಲ. ಹೊಸದಾಗಿ ಎಳೆದ ನಳಿಕೆಗಳಲ್ಲಿ ಅದನ್ನು ತುಂಬಿಸಿ, ಸೋರಿಕೆ ಪತ್ತೆಹಚ್ಚುವ ಕೈಯಂತ್ರ ಹಿಡಿದು ಒಂದೊಂದೇ ಜೋಡಣೆಯನ್ನು ಪರೀಕ್ಷಿಸಲು ಬಳಸುತ್ತೇನೆ. ಆ ಕೆಲಸಕ್ಕೆ ಒಂದಿಷ್ಟು ತೇವಾಂಶವಿದ್ದರೂ ನಡೆಯುತ್ತದೆ.