ಲಾಲ್‌ಬಾಗ್‌ನ ಹಳೇ ಮಾಲಿಗಳ ಹಾಗೆ ಗಿಡ ಮಾಡುವುದು

ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿದ ಗಿಡಗಳಲ್ಲಿ ಹೆಚ್ಚಿನವು ಉಪ್ಪುಗಾಳಿಗೆ, ನೀರಿಲ್ಲದೆ ದಾರಿಯಲ್ಲೇ ಸಾಯುತ್ತಿದ್ದವು. 1833ರಲ್ಲಿ ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಸಿಡ್ನಿಗೆ ಗಿಡ ಕಳಿಸಿದರು. ಜೀವಂತ ತಲುಪಿದವು. ಒಳಗಿನ ತೇವ ಆವಿಯಾಗಿ ಗಾಜಿಗೆ ಅಂಟಿ ಮತ್ತೆ ಮಣ್ಣಿಗೇ ಇಳಿಯುತ್ತದೆ, ಅಷ್ಟೇ ಗುಟ್ಟು.

ನಮಗೆ ಪೆಟ್ಟಿಗೆ ಬೇಡ. ತಳ ಕತ್ತರಿಸಿದ ನೀರಿನ ಬಾಟಲಿ ಸಾಕು. ಬ್ರೆಜಿಲ್ ಕಡೆಯಿಂದ ಬಂದ ಕಾಗದದ ಹೂವಿನಿಂದ (ಬೋಗನ್‌ವಿಲ್ಲಾ) ಶುರು ಮಾಡಿ. ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿ ತೆಗೆದುಕೊಳ್ಳಿ. ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆಯಿರಿ. ಮರಳು, ಕೆಮ್ಮಣ್ಣು ಸಮಸಮ ಬೆರೆಸಿ ಊರಿ, ಒಮ್ಮೆ ನೀರು ಹಾಕಿ, ಕಡ್ಡಿಯ ಮೇಲೆ ಬಾಟಲಿ ಮುಚ್ಚಿ. ಬೆಳಕಿರುವ ನೆರಳಲ್ಲಿಡಿ. ಬಿಸಿಲಿಗಿಟ್ಟರೆ ಕಡ್ಡಿ ಬೆಂದೇ ಹೋಗುತ್ತದೆ. ಒಳಗೆ ಹನಿ ಕಾಣುತ್ತಿರುವಷ್ಟು ದಿನ ನೀರು ಮುಟ್ಟಿಸಬೇಡಿ. ದಿನವಿಡೀ ಧಾರಾಕಾರ ಇಳಿಯುತ್ತಿದ್ದರೆ ಬಿರಡೆ ತೆಗೆದು ಗಾಳಿ ಬಿಡಿ.

ಚಿಗುರು ಬಂತು ಅಂತ ಕುಣಿಯಬೇಡಿ. ಕಡ್ಡಿಯಲ್ಲಿ ಉಳಿದ ಸತ್ವದಿಂದಲೂ ಎಲೆ ಬರುತ್ತದೆ, ಬೇರು ಇರುವುದೇ ಇಲ್ಲ. ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿದ್ದರೆ ಬೇರು ಇಳಿದಿದೆ. ಆಮೇಲೆ ಮೊದಲು ಬಿರಡೆ, ಕೆಲ ದಿನ ಬಿಟ್ಟು ಬೆಳಗ್ಗೆ ಸಂಜೆ ಬಾಟಲಿ, ಕೊನೆಗೆ ಪೂರ್ತಿ ತೆಗೆಯಿರಿ. ಇಲ್ಲಿ ಆತುರ ಮಾಡಿದವರೇ ಜಾಸ್ತಿ ಗಿಡ ಕಳೆದುಕೊಳ್ಳುವುದು.

ಜನ ಕ್ರಿಸ್‌ಮಸ್ ಮರ ಅನ್ನುವ ಅರಾಕೇರಿಯಾದ್ದು ಬೇರೆ ಕಥೆ. ಅದರ ಪಕ್ಕದ ಕೊಂಬೆ ಬೇರು ಬಿಟ್ಟರೂ ಅಡ್ಡಡ್ಡವಾಗಿಯೇ ಬೆಳೆಯುತ್ತದೆ, ಎಂದೂ ನೆಟ್ಟಗಾಗುವುದಿಲ್ಲ. ನೆತ್ತಿಯ ಚಿಗುರೇ ಬೇಕು. ಕಾಫಿ ತೋಟದವರಿಗೆ ಇದು ಗೊತ್ತು, ಅಲ್ವಾ? ಅಲ್ಲೂ ನೇರ ಚಿಗುರಿನ ಕಡ್ಡಿಯೇ ಆಗಬೇಕು. ಒಂದು ನೆತ್ತಿಗಾಗಿ ಒಳ್ಳೆ ಮರದ ತಲೆ ಕಡಿಯುವುದಕ್ಕಿಂತ ತಾಜಾ ಬೀಜ ಹಾಕುವುದು ವಾಸಿ. ಬೀಜ ಇಟ್ಟು ಒಣಗಿಸಬೇಡಿ, ಬೇಗ ಸಾಯುತ್ತದೆ.

ಸೀಮೆಬದನೆ ಸುಲಭ. 1874ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜಾನ್ ಕ್ಯಾಮರೂನ್ ಇದನ್ನು ಬೆಂಗಳೂರಿಗೆ ತಂದವರು. ಒಳಗಿರುವುದು ಒಂದೇ ಬೀಜ, ಬಿಡಿಸಬೇಡಿ. ಮೊಳಕೆ ಬಂದ ಇಡೀ ಕಾಯನ್ನು ಓರೆಯಾಗಿಟ್ಟು ಮೊಳಕೆ ಕಾಣುವಂತೆ ಮಣ್ಣು ಮುಚ್ಚಿ, ಚಪ್ಪರ ಕಟ್ಟಿ.

ಹೊರದೇಶದಿಂದ ಸುಮ್ನೆ ಬ್ಯಾಗಲ್ಲಿ ಗಿಡ ತರಬೇಡಿ. ಬಂಡೀಪುರದ ಕಾಡು ತುಂಬಿರುವ ಲಂಟಾನ ಕೂಡ ತೋಟದ ಅಂದಕ್ಕೆ ಅಂತ ಬಂದದ್ದೇ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲೇ ಆಮದು ಪರವಾನಗಿ, ಜೊತೆಗೆ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಿತ್ತನೆ ಬೀಜದ ಪೊಟ್ಟಣಕ್ಕೂ ಅಷ್ಟೇ.