ಇಬಿಟಿ ಕಾರ್ಡು ಕಳೆದರೆ, ಅದರಲ್ಲಿನ ಹಣ ಕಳವಾದರೆ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಉತ್ತರ ಕನ್ನಡದವರಿಗೆ

ಕುಮಟಾದ ಕಡೆ ನಮ್ಮ ಅಜ್ಜಿಯ ವೃದ್ಧಾಪ್ಯ ವೇತನ ಬರುವುದು ತಡವಾದರೆ ಪೋಸ್ಟ್‌ಮ್ಯಾನನನ್ನು ದಣಪೆಯ ಹತ್ತಿರ ನಿಲ್ಲಿಸಿ ಕೇಳುತ್ತಿದ್ದೆವು, ಅವನಿಗೂ ನಮ್ಮ ಮನೆಯ ಸ್ಥಿತಿ ಗೊತ್ತಿರುತ್ತಿತ್ತು. ಇಲ್ಲಿ ಹಾಗೆ ಕೇಳಬಹುದಾದ ಪರಿಚಯದ ಮುಖವಿಲ್ಲ; ಆಹಾರ ನೆರವಾದ ಕ್ಯಾಲ್‌ಫ್ರೆಶ್ ಆಗಲಿ, ನಗದು ನೆರವಾದ ಕ್ಯಾಲ್‌ವರ್ಕ್ಸ್ ಆಗಲಿ, ಎರಡೂ ಇಬಿಟಿ ಎಂಬ ಒಂದೇ ಕಾರ್ಡಿಗೆ ಜಮೆಯಾಗುತ್ತವೆ, ಆ ಕಾರ್ಡು ಮತ್ತು ನಾಲ್ಕು ಅಂಕಿಯ ಪಿನ್ ಯಾರ ಕೈಗೆ ಸಿಕ್ಕಿದವೋ ಹಣ ಅವರದು. ಎಚ್-1ಬಿ ವೀಸಾದವರಿಗೆ ಈ ಆಹಾರ ನೆರವು ಸಿಗುವುದಿಲ್ಲ. ಇಲ್ಲೇ ಹುಟ್ಟಿದ ಮಕ್ಕಳು ಅರ್ಹರು, ಗ್ರೀನ್ ಕಾರ್ಡು ಪಡೆದ ವಯಸ್ಕರು ಕೇಂದ್ರ ಸರ್ಕಾರದ ಹಣದ ನೆರವಿಗೆ ಸಾಮಾನ್ಯವಾಗಿ 5 ವರ್ಷ ಕಾಯಬೇಕು, ಆದರೆ ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾ ತನ್ನ ಹಣದಿಂದ ಅವರಿಗೂ ಆಹಾರ ನೆರವು ಕೊಡುತ್ತದೆ.

ಕಾರ್ಡು ಕಳೆದುಹೋಗುವುದು ಬೇರೆ, ಕಾರ್ಡು ಕೈಯಲ್ಲಿದ್ದೂ ಹಣ ಮಾಯವಾಗುವುದು ಬೇರೆ. ಕಾರ್ಡು ಕಳೆದದ್ದು ತಿಳಿದ ಕೂಡಲೇ ಸಹಾಯವಾಣಿಗೆ ಕರೆ ಮಾಡಿ. ಕಾರ್ಡಿನ ಹಿಂಬದಿಯಲ್ಲಿರುವ ಆ ಸಂಖ್ಯೆಯನ್ನು ಇಂದೇ ಬೇರೆಡೆ ಬರೆದಿಟ್ಟುಕೊಳ್ಳಿ. ನೀವು ದೂರು ಕೊಟ್ಟ ಕ್ಷಣದಿಂದ ಖಾತೆಗೆ ತಡೆ ಬೀಳಬೇಕು, ಆಮೇಲೆ ಯಾರಾದರೂ ಆಹಾರ ನೆರವಿನ ಹಣ ತೆಗೆದರೆ ಅದರ ಹೊಣೆ ರಾಜ್ಯದ್ದು. ದೂರಿಗೆ ಮೊದಲೇ ಹೋದ ಹಣಕ್ಕೆ ಈ ರಕ್ಷಣೆಯಿಲ್ಲ. ಆದ್ದರಿಂದ ಸಂಜೆ ಯಜಮಾನರು ಬರಲಿ, ಅವರನ್ನು ಕೇಳಿ ಮಾಡೋಣ ಎಂದು ಕಾಯಬೇಡಿ.

ಎರಡನೆಯ ಬಗೆಯ ಕಳವು ಹೇಗಿರುತ್ತದೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊನ್ನಾವರ ಕಡೆಯ ತಂಗಿಯೊಬ್ಬಳು, ಗಂಡ ಕಾಯಿಲೆಯಿಂದ ಮನೆಯಲ್ಲಿದ್ದಾಗ, ಅಕ್ಕಿ, ಹಾಲು, ಮೊಟ್ಟೆ ತುಂಬಿಕೊಂಡು ಕೌಂಟರಿಗೆ ಬಂದಳು. ಯಂತ್ರ ಎರಡು ಸಲ ನಿರಾಕರಿಸಿತು, ಬಂದ ಚೀಟಿಯ ಕೊನೆಯಲ್ಲಿ ಉಳಿಕೆ 38 ಸೆಂಟ್ ಎಂದಿತ್ತು. ಹಿಂದೆ ಸಾಲು ನಿಂತಿರುವಾಗ ಅವಳು ಒಂದೊಂದೇ ಸಾಮಾನನ್ನು ವಾಪಸ್ಸು ಇಟ್ಟಳು. ಹಿಂದಿನ ತಿಂಗಳು ಬೇರೊಂದು ಅಂಗಡಿಯಲ್ಲಿ ಕಾರ್ಡು ಉಜ್ಜುವ ಯಂತ್ರದ ಮೇಲೆ ಅದರದೇ ರೂಪದ ಇನ್ನೊಂದು ಹೊದಿಕೆ ಕೂರಿಸಿ, ಕಾರ್ಡಿನ ಕಪ್ಪು ಪಟ್ಟಿಯ ಮಾಹಿತಿಯನ್ನೂ ಪಿನ್ ಅನ್ನೂ ಯಾರೋ ಕದ್ದಿದ್ದರು. ಹೊಸ ತಿಂಗಳ ಹಣ ಬಿದ್ದ ರಾತ್ರಿಯೇ ಖಾತೆ ಬರಿದಾಗಿತ್ತು. ಅವಳು ನನಗೆ ಹೇಳಿದ್ದು ಒಂಬತ್ತು ದಿನಗಳ ನಂತರ. "ಯಾರ ಹತ್ರ ಹೇಳೂದು ಅಣ್ಣಾ, ಮರ್ಯಾದೆ ಪ್ರಶ್ನೆ" ಎಂದಳು. ಕದ್ದವನಿಗಿಲ್ಲದ ನಾಚಿಕೆ ಕಳೆದುಕೊಂಡವಳಿಗೆ ಏಕಿರಬೇಕು?

ಇಂಥ ಕಳವಾದಾಗ ಕಾರ್ಡನ್ನು ರದ್ದು ಮಾಡಿಸಿ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ಇಬಿಟಿ 2259 ಎಂಬ ನಮೂನೆಯನ್ನು ತುಂಬಿ ಕೊಡಬೇಕು. ನಗದು ನೆರವಿನ ಹಣವನ್ನು ಕ್ಯಾಲಿಫೋರ್ನಿಯಾ ಮರಳಿ ಕೊಡುತ್ತದೆ. ಅವಳಿಗೂ ಆ ಭಾಗ ಬಂತು. ಆಹಾರ ನೆರವಿನ ವಿಷಯದಲ್ಲಿ ಮಾತ್ರ ಕಹಿ ಸತ್ಯವೊಂದಿದೆ: ಹೀಗೆ ಕಳವಾದದ್ದನ್ನು ಕೇಂದ್ರ ಸರ್ಕಾರದ ಹಣದಿಂದ ತುಂಬಿಕೊಡುವ ಅವಕಾಶ 2024ರ ಡಿಸೆಂಬರ್ 20ರ ವರೆಗಿನ ಕಳವುಗಳಿಗಷ್ಟೇ ಇತ್ತು. ಆದ್ದರಿಂದಲೇ ಮುನ್ನೆಚ್ಚರಿಕೆಗೆ ಇಷ್ಟು ಬೆಲೆ. ಕ್ಯಾಲ್‌ಫ್ರೆಶ್ ಹಣ ತಿಂಗಳ ಮೊದಲ 10 ದಿನಗಳಲ್ಲಿ ನಿಮ್ಮ ಕೇಸ್ ಸಂಖ್ಯೆಯ ಕೊನೆಯ ಅಂಕಿಗೆ ತಕ್ಕಂತೆ ಬೀಳುತ್ತದೆ. ಅದರ ಹಿಂದಿನ ದಿನ ಪಿನ್ ಬದಲಿಸಿ. 2025ರಿಂದ ಚಿಪ್ ಇರುವ ಕಾರ್ಡುಗಳು ಬಂದಿವೆ, ನಿಮ್ಮದು ಹಳೆಯದಾಗಿದ್ದರೆ ಹೊಸದನ್ನು ಕೇಳಿ ಪಡೆಯಿರಿ.

ಇನ್ನೊಂದು ನಷ್ಟವನ್ನು ನಮ್ಮವರು ನಷ್ಟವೆಂದೇ ಎಣಿಸುವುದಿಲ್ಲ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟು ಹೋದರೂ ಸುಮ್ಮನಿದ್ದು ರೂಢಿಯಾದವರು, ಇಲ್ಲಿ ದೀರ್ಘಕಾಲ ಕರೆಂಟು ಹೋಗಿ ಫ್ರಿಜ್ಜಿನಲ್ಲಿದ್ದುದು ಹಾಳಾದರೆ ಮೌನವಾಗಿ ಕಸಕ್ಕೆ ಹಾಕುತ್ತಾರೆ. ಆ ಆಹಾರ ನೆರವಿನ ಹಣದಿಂದ ಕೊಂಡದ್ದಾಗಿದ್ದರೆ 10 ದಿನಗಳೊಳಗೆ ಕೌಂಟಿಗೆ ತಿಳಿಸಿ, ಸಹಿ ಮಾಡಿದ ಹೇಳಿಕೆ ಕೊಟ್ಟು, ಗರಿಷ್ಠ ಒಂದು ತಿಂಗಳ ನೆರವಿನಷ್ಟನ್ನು ಮರಳಿ ಪಡೆಯಬಹುದು.

ಕಚೇರಿಯಲ್ಲಿ ಇಂಗ್ಲಿಷ್ ತಡವರಿಸಿದರೆ ಕನ್ನಡ ದುಭಾಷಿ ಬೇಕೆಂದು ಹೇಳಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಹಣ ಮರಳಿಸುವ ಕೋರಿಕೆಯನ್ನು ತಿರಸ್ಕರಿಸಿದರೆ ಆ ತೀರ್ಮಾನವನ್ನು ಬರಹದಲ್ಲಿ ಕೇಳಿ, ಆ ನೋಟಿಸಿನ ದಿನದಿಂದ 90 ದಿನಗಳೊಳಗೆ ರಾಜ್ಯದ ವಿಚಾರಣೆಗೆ ಅರ್ಜಿ ಹಾಕಿ, ಅಂಗಡಿಯ ಚೀಟಿಗಳನ್ನು ಅಲ್ಲಿಯವರೆಗೆ ಒಂದು ಲಕೋಟೆಯಲ್ಲಿ ಕಾಪಾಡಿಡಿ.